ಅಕ್ಕನ ಮೇಲ್ ನಿಂತುಹೋಗುತ್ತಿದ್ದದ್ದು ಯಾಕೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನನಗೆ ಬೈಯುವುದು ಬೇಡ: ನಮ್ಮ ಆಫೀಸಿನ ಹಳೆಯ ಮೇಲ್‌ಗಳನ್ನೆಲ್ಲ ಗುಡಿಸಿ ಹಾಕಿದ ಪುಣ್ಯಾತ್ಮ ನಾನೇ. ಯಾರೂ ಮಾಡು ಅಂದಿರಲಿಲ್ಲ. ಸರಿಮಾಡುತ್ತೇನೆಂದು ಕೂತು, ಭಾರೀ ತಿಳಿದವನ ಹಾಗೆ ಕತ್ತು ವಾಲಿಸಿ, ಒಂದು ಗುಂಡಿ ಒತ್ತಿದೆ. ಆದರೂ ಆ ವಾರದ ನೆನಪಾದರೆ ನನಗೆ ನಾಚಿಕೆಗಿಂತ ಮೊದಲು ಬರುವುದು ಸಿಟ್ಟು. ನಾಚಿಕೆ ಹಿಂದಿನಿಂದ ಬರುವ ಬಸ್ಸಿನಲ್ಲಿ ನಿಧಾನವಾಗಿ ಬರುತ್ತದೆ.

ಪಣಂಬೂರಿನಲ್ಲಿ, ಬಂದರಿನ ಗೇಟಿಗೆ ಹೋಗುವ ಲಾರಿಗಳ ಧೂಳು ತಿನ್ನುತ್ತಾ ಇರುವ ಒಂದು ಮಹಡಿಯಲ್ಲಿ ನಮ್ಮ ಆಫೀಸು. ಹಡಗಿಗೆ ಹೋಗುವ ಸರಕಿನ ಕಾಗದಪತ್ರ ಮಾಡಿಕೊಡುವುದು ಕೆಲಸ. ಇರುವುದು ಮೂರೇ ಜನ. ಯಜಮಾನರು ನಮ್ಮ ಉಮ್ಮನ ಕಡೆಯಿಂದ ದೂರದ ಸಂಬಂಧ, ಹಾಗಾಗಿ ನನಗೆ ಕಾಕ. ಎರಡನೆಯವರು ಅಕ್ಕ. ಮಣ್ಣಗುಡ್ಡದಿಂದ ಬಸ್ಸಿನಲ್ಲಿ ಬರುತ್ತಾರೆ, ಗಂಡ ದೇವಸ್ಥಾನದಲ್ಲಿ ಅರ್ಚಕರು, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅದೇ ಕುರ್ಚಿಯಲ್ಲಿ ಕೂತವರು. ಪಾರ್ಟಿ ಎಂದು ನಾವು ಕರೆಯುವ ಗಿರಾಕಿಗಳಿಗೆ ಹೋಗುವ ಪ್ರತಿಯೊಂದು ಮೇಲ್ ಅವರ ಕೈಯಿಂದಲೇ ಹೋಗಬೇಕು. ಮೂರನೆಯವನು ನಾನು. ಕಸ್ಟಮ್ಸ್ ಆಫೀಸಿಗೆ ಓಡುವುದು ನನ್ನ ಕೆಲಸ. ಆದರೆ ಹರೆಯ, ಕೈಯಲ್ಲಿ ದೊಡ್ಡ ಫೋನು. ಅಂದಮೇಲೆ ಇವನಿಗೆ ಕಂಪ್ಯೂಟರ್ ಗೊತ್ತಿರಲೇಬೇಕು ಎಂದು ಇಬ್ಬರೂ ತೀರ್ಮಾನಿಸಿದ್ದರು. ಅದಕ್ಕೆ ನಾನೂ ಅಡ್ಡ ಬರಲಿಲ್ಲ.

ನಿಜವಾಗಿ ನನಗೆ ಬರುವುದು ನಕಲು. ಕಾಕ ಫೋನಿನಲ್ಲಿ ಮಾತಾಡುವುದು, ಅಕ್ಕ ಕನ್ನಡಕ ಹಣೆಗೇರಿಸಿ ಅದನ್ನೇ ಮೇಜಿನ ಮೇಲೆ ಹುಡುಕುವುದು, ಕಸ್ಟಮ್ಸಿನ ಸಾಹೇಬರು ಮೊಹರು ಹಾಕುವ ಮೊದಲು ಬಿಡುವ ನಿಟ್ಟುಸಿರು, ಎಲ್ಲ ಮಾಡುತ್ತಿದ್ದೆ. ಅಕ್ಕನ ಮೇಲ್ ಪ್ರೋಗ್ರಾಮ್ ಕೆಡಲು ಶುರುವಾದ ಮೇಲೆ ಅದನ್ನೂ ಮಾಡಿದೆ. ಮಾತಿನ ಮಧ್ಯೆ ಬಾಯಿ ತೆರೆದವನು ಹಾಗೇ ನಿಲ್ಲುವುದು, ಕಣ್ಣುಗುಡ್ಡೆ ಮಾತ್ರ ಗರಗರ ತಿರುಗಿಸುವುದು. ಅಕ್ಕ ಮೊದಲ ದಿನ ನಕ್ಕರು. ಮೂರನೇ ದಿನ, "ಸಾಕು ಮಾರಾಯ, ನನ್ನ ಹೊಟ್ಟೆ ಉರೀತಾ ಉಂಟು," ಅಂದರು.

ಉರಿಯದೆ ಎಂತ? ಕರಡು ಬಿಲ್ಲು ಕಳಿಸಲು ಹೊರಟರೆ ಪರದೆ ಬೆಳ್ಳಗಾಗುತ್ತದೆ, ಚಕ್ರ ತಿರುಗುತ್ತದೆ, ಮೇಲೆ 'ಪ್ರತಿಕ್ರಿಯಿಸುತ್ತಿಲ್ಲ' ಎಂಬ ಅರ್ಥದ ಇಂಗ್ಲಿಷು. ಸರಿಯಾಗಿ ಅದೇ ಹೊತ್ತಿಗೆ ಕಾಕ ತಮ್ಮ ಕ್ಯಾಬಿನ್ನಿನಿಂದ ಹೊರಗೆ ಬಂದು, ಕೈ ಹಿಂದೆ ಕಟ್ಟಿ, ಅಕ್ಕನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು.

"ಎಂತ, ಹೋಯ್ತಾ?"

"ಇಲ್ಲ ಸರ್, ನಿಂತಿದೆ."

"ನಿಮ್ಮ ಹತ್ರ ಮಾತ್ರ ಯಾಕೆ ನಿಲ್ಲುದು ಅದು?"

ಪಾರ್ಟಿ ಫೋನು ಮಾಡಿದರೆ ಅಕ್ಕನ ಎದುರಿಗೇ ಹೇಳುತ್ತಿದ್ದರು: "ಎಂತ ಮಾಡುದು, ನಮ್ಮ ಹೆಂಗಸಿಗೆ ಈ ಕಂಪ್ಯೂಟರ್ ಸ್ವಲ್ಪ ಆಗುದಿಲ್ಲ." ಒಂದು ದಿನ ನಿಧಾನಕ್ಕೆ ಮುಂದಿನ ಮಾತೂ ಬಂತು. ಸುರತ್ಕಲ್‌ನಲ್ಲಿ ಪರಿಚಯದವರ ಮಗಳು ಉಂಟು, ಕಂಪ್ಯೂಟರ್ ಕಲಿತವಳು, ಸೋಮವಾರದಿಂದ ಬಂದು ಈ ಕುರ್ಚಿಯಲ್ಲಿ ಕೂರಲಿ. ಅಕ್ಕ ಬೇಕಾದರೆ ಒಂದೆರಡು ವಾರ ಕೆಲಸ ಕಲಿಸಿ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲಿ. ವಿಶ್ರಾಂತಿ! ಆ ಶಬ್ದವನ್ನು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ನನಗೆ ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿ ಗೋಡೆಗೆ ಬಿಸಾಡುವ ಎನಿಸಿತು.  ಅಕ್ಕ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

ಆ ಸಿಟ್ಟಿನಲ್ಲೇ ನಾನು ರಿಪೇರಿಗೆ ಕೂತದ್ದು. ಕಂಪೆನಿಯ ಸಹಾಯವಾಣಿಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ ಒಬ್ಬ ಬಂದ.

"ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿದ್ದೀರಾ ಸರ್?"

"ನೋಡಿದ್ದೇನೆ."

"ಇನ್ನೊಮ್ಮೆ ನೋಡುವ ಸರ್."

ಅವನು ಸರ್ ಅಂದಷ್ಟೂ ನನ್ನ ಮರ್ಯಾದೆ ಕಡಿಮೆಯಾಗುತ್ತಾ ಹೋಯಿತು. ಆ್ಯಡ್-ಇನ್‌ಗಳನ್ನು ತೆಗೆದೆ, ಆಂಟಿವೈರಸ್ ನಿಲ್ಲಿಸಿದೆ, ಪ್ರೋಗ್ರಾಮನ್ನೇ ಕಿತ್ತು ಮತ್ತೆ ಹಾಕಿದೆ. ಮೇಲ್‌ಗಳೆಲ್ಲ ಯಾವ ಫೈಲಿನಲ್ಲಿವೆ ಎಂದು ಹುಡುಕಿದಾಗ ಅದರ ವಿಳಾಸದ ಮುಂದೆ ಝಡ್ ಎಂಬ ಅಕ್ಷರ ಕಂಡಿತು. ಈ ಕಂಪ್ಯೂಟರಿನಲ್ಲಿ ಇರುವುದು ಸಿ ಮತ್ತು ಡಿ. ಝಡ್ ಎಲ್ಲಿಂದ ಬಂತು ಎಂದು ಬುದ್ಧಿ ಇರುವವನು ಕೇಳಿಕೊಳ್ಳುತ್ತಿದ್ದ. ನಾನು ಕೇಳಿಕೊಳ್ಳಲಿಲ್ಲ. ನನ್ನ ಕಣ್ಣು ಹೋದದ್ದು ಫೈಲಿನ ಗಾತ್ರಕ್ಕೆ. ಇಷ್ಟು ದಪ್ಪ ಇದ್ದರೆ ಯಾರು ತಾನೇ ಓಡುತ್ತಾರೆ? ತೆಗೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಇದ್ದದ್ದು ಅಳಿಸಿದ ಮೇಲ್‌ಗಳ ಫೋಲ್ಡರಿನಲ್ಲಿ. ಅಳಿಸಿದ್ದನ್ನು ಇಟ್ಟುಕೊಳ್ಳುವುದು ಯಾಕೆ? ಖಾಲಿ ಮಾಡಿದೆ. ಪ್ರೋಗ್ರಾಮ್ ಹಕ್ಕಿಯ ಹಾಗೆ ಹಗುರಾಯಿತು. ನಾನು ಎದ್ದು ಎರಡು ಹೆಜ್ಜೆ ಕುಣಿದೆ ಕೂಡ.

ಅಕ್ಕ ಊಟದ ಡಬ್ಬಿ ತೊಳೆದು ಬಂದು ಕೂತರು. ನೋಡಿದರು. "ದೇವೆರೇ," ಅಂದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹಡಗು ಬಂದರು ಬಿಟ್ಟ ಕೂಡಲೇ ಆ ಕೆಲಸಕ್ಕೆ ಸಂಬಂಧಿಸಿದ ಒಂದು ಕಾಗದವೂ ಮೇಜಿನ ಮೇಲೆ ಇರಬಾರದು, ಕಪಾಟಿಗೆ ಹೋಗಬೇಕು ಎಂದು ಕಾಕನ ನಿಯಮ. ಆಫೀಸಿಗೆ ಕಂಪ್ಯೂಟರ್, ಮೇಲ್ ಎಲ್ಲ ಬಂದ ಮೇಲೂ ಅದೇ ನಿಯಮ. ಇನ್‌ಬಾಕ್ಸಿನಲ್ಲಿ ಮುಗಿದ ಕೆಲಸ ಕಾಣಬಾರದು. ಅಕ್ಕ ಮುಗಿದದ್ದನ್ನೆಲ್ಲ ಡಿಲೀಟ್ ಒತ್ತಿ ಆ ಫೋಲ್ಡರಿಗೆ ಕಳಿಸುತ್ತಿದ್ದರು, ಬೇಕಾದಾಗ ಅಲ್ಲಿಂದ ತೆಗೆಯುತ್ತಿದ್ದರು. ಅದೇ ಅವರ ಕಪಾಟು. ನಾನು ಸೇರಿದ ವಾರವೇ ಇದನ್ನು ನನಗೆ ಕೈ ತಿರುಗಿಸಿ ತಿರುಗಿಸಿ ಹೇಳಿದ್ದರು. ನಾನು ಆ ಕೈಯ ತಿರುವನ್ನೇ ನೋಡುತ್ತಿದ್ದೆ, ನಕಲು ಮಾಡಲಿಕ್ಕೆ. ತಿರುವು ಬಂತು, ಮಾತು ತಲೆಗೆ ಹೋಗಲಿಲ್ಲ.

ಆ ಸಂಜೆಯೇ ಕಾಕನಿಗೆ ದುಬೈಯ ಒಂದು ಪಾರ್ಟಿ ಒಪ್ಪಿಗೆ ಕೊಟ್ಟ ಹಳೆಯ ಮೇಲ್ ಬೇಕಾಯಿತು. ಅಕ್ಕ ಇಲ್ಲ ಅಂದರು. ನನ್ನ ಹೆಸರು ಹೇಳಲಿಲ್ಲ. ಕಾಕನ ಕಿವಿ ಕೆಂಪಾಯಿತು.

"ನಾನು ಅಳಿಸಿದ್ದು ಕಾಕ," ಅಂದೆ. "ಅಕ್ಕ ಊಟಕ್ಕೆ ಹೋಗಿದ್ರು."

"ನೀನು ಹುಡುಗ, ಅಳಿಸ್ತಿ. ಅವರು ನೋಡ್ಕೊಳ್ಬೇಕಲ್ಲ?"

ನೋಡಿ, ನನ್ನ ತಪ್ಪನ್ನು ನನ್ನ ಕೈಯಿಂದಲೇ ಕಿತ್ತು ಅಕ್ಕನ ಮಡಿಲಿಗೆ ಹಾಕಿದರು! ಬೈದಿದ್ದರೆ ನುಂಗುತ್ತಿದ್ದೆ. ಈ ಕ್ಷಮೆ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಅಕ್ಕ ದುಬೈಗೆ ತಾವೇ ಫೋನು ಮಾಡಿ, ದಯವಿಟ್ಟು ಇನ್ನೊಮ್ಮೆ ಕಳಿಸಿ ಎಂದು ಕೇಳಿಕೊಂಡರು. ಬಂತು. ಅದನ್ನು ತೆರೆಯುವಷ್ಟರಲ್ಲಿ ಪರದೆ ಬೆಳ್ಳಗಾಯಿತು. ಕಾಕ ಹಿಂದೆ ನಿಂತಿದ್ದರು. ಅಂದರೆ ಇಷ್ಟೆಲ್ಲ ಅಳಿಸಿದ್ದೂ ದಂಡ.

ಶನಿವಾರ ಮಧ್ಯಾಹ್ನ ಕಾಕ ನಮಾಜಿಗೆ ಹೋಗಿದ್ದರು. ಹೋಗುವಾಗ ಪರದೆ ನಿಂತಿತ್ತು. ಕ್ಯಾಬಿನ್ನಿಗೆ ಹೋಗಿ ಫ್ಯಾನು ಹಾಕಿಕೊಂಡು ಕಾಕನ ಕುರ್ಚಿಯಲ್ಲಿ ಕೂತೆ, ಸುಮ್ಮನೆ ಸಿಟ್ಟಿಗೆ. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗಿನಿಂದ, "ಓ, ಸರಿಯಾಯ್ತು ಮಾರಾಯ, ಓಡ್ತಾ ಉಂಟು," ಅಂದರು. ಧ್ವನಿಯಲ್ಲಿ ಜೀವ ಇರಲಿಲ್ಲ. ಸೋಮವಾರ ಹತ್ತಿರ ಇತ್ತಲ್ಲ. ಅವರನ್ನು ನಗಿಸುವ ಎಂದು ನಾನು ಕಾಕ ಆದೆ. ಗಂಟಲು ಕೆರೆದೆ. ಟೊಪ್ಪಿ ಸರಿಮಾಡಿದೆ, ಇಲ್ಲದ ಟೊಪ್ಪಿ. ಎದ್ದು, ಬಾಗಿಲ ಹತ್ತಿರ ಬಂದು, ಅವರು ಮಾಡುವ ಹಾಗೆಯೇ ನೋಡದೆ ಎಡಗೈ ಹಿಂದಕ್ಕೆ ಚಾಚಿ ಬೋರ್ಡಿನ ಸ್ವಿಚ್ಚುಗಳನ್ನೆಲ್ಲ ಒಂದೇ ಸವರಿಗೆ ಆರಿಸಿದೆ, ಟಕಟಕಟಕ. ಕರೆಂಟು, ನೀರು ಪೋಲು ಮಾಡಬಾರದೆಂದು ಕಾಕನ ಬಾಪ ಬಂದರಿನ ಅಂಗಡಿಯಲ್ಲಿ ಕಲಿಸಿದ ಅಭ್ಯಾಸ ಅದು. ಒಳ್ಳೆಯ ಅಭ್ಯಾಸವೇ. ಕೈ ಹಿಂದೆ ಕಟ್ಟಿ ಅಕ್ಕನ ಕುರ್ಚಿಯ ಹಿಂದೆ ಹೋಗಿ ನಿಂತೆ.

"ಎಂತ, ಹೋಯ್ತಾ?"

ಅಕ್ಕ ನಗಲಿಲ್ಲ. "ನಿಂತಿತು," ಅಂದರು. "ಈಗ. ನೀನು ಬಂದದ್ದೇ ನಿಂತಿತು."

ನಾನು ಬಾಯಿ ತೆರೆದು ಹಾಗೇ ನಿಂತೆ. ಈ ಸಲ ನಕಲು ಅಲ್ಲ.

ಓಡಿಹೋಗಿ ಕ್ಯಾಬಿನ್ನಿನ ಮೇಜಿನ ಕೆಳಗೆ ಬಗ್ಗಿದೆ. ಪರದೆಗೆ ಬಟ್ಟೆ ಹೊದಿಸಿ ಇಟ್ಟ ಹಳೆಯ ಕಂಪ್ಯೂಟರ್ ಅಲ್ಲಿತ್ತು, ಕಾಕ ಮುಟ್ಟದ್ದು. ಆಫೀಸಿನ ಮೇಲ್ ಎಲ್ಲ ಯಜಮಾನರ ಕೋಣೆಯಲ್ಲೇ ಇರಬೇಕೆಂದು ಯಾವತ್ತೋ ಅವರೇ ಹೇಳಿ, ಆ ಫೈಲನ್ನು ಅದರೊಳಗೆ ಇಡಿಸಿದ್ದರು. ಅಕ್ಕನ ಕಂಪ್ಯೂಟರಿಗೆ ಅದೇ ಝಡ್. ಮೊನ್ನೆ ಮೊನ್ನೆ ಕ್ಯಾಬಿನ್ನಿಗೆ ಹೊಸ ಬೋರ್ಡು ಹಾಕಿದ ಎಲೆಕ್ಟ್ರಿಶಿಯನ್ ಅದರ ವಯರನ್ನು ಫ್ಯಾನಿನ ಸ್ವಿಚ್ಚಿಗೇ ಸೇರಿಸಿದ್ದ. ಕಾಕ ಸ್ವಿಚ್ ಆರಿಸಿ ಹೊರಗೆ ಬಂದರೆ ಝಡ್ ಸತ್ತಿತು, ಅಕ್ಕನ ಮೇಲ್ ನಿಂತಿತು, ಯಾಕೆ ನಿಂತಿತೆಂದು ಕೇಳಲು ಕಾಕ ಅಷ್ಟರಲ್ಲಿ ಬಂದು ಮುಟ್ಟಿರುತ್ತಿದ್ದರು. ಒಳಗೆ ಹೋಗಿ ಫ್ಯಾನು ಹಾಕಿದರೆ ಅದು ತಾನೇ ಏಳುತ್ತಿತ್ತು. ಖಾತ್ರಿಗೆ ಇನ್ನೊಮ್ಮೆ ಹಾಕಿದೆ, ಆರಿಸಿದೆ. ಅಕ್ಕ ಹೊರಗಿನಿಂದ, "ನಿಂತಿತು," ಅಂದರು. ಮತ್ತೆ ಹಾಕಿದೆ. "ಬಂತು." ಅವರ ಧ್ವನಿ ಏರುತ್ತಾ ಹೋಯಿತು. ಅಷ್ಟು ಸಿಟ್ಟು ಆ ಹೆಂಗಸಿನೊಳಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಕಾಕ ಮೆಟ್ಟಿಲು ಹತ್ತಿ ಬಂದಾಗ ನಾನು ಇನ್ನೂ ಅವರ ಸ್ವಿಚ್ ಬೋರ್ಡಿನ ಹತ್ತಿರವೇ ಇದ್ದೆ. "ಎಂತದು ಆಟ?" ಅಂದರು. ನಾನು ಬಾಯಲ್ಲಿ ಹೇಳಲಿಲ್ಲ. ಮೊದಲಿನಿಂದ ಮಾಡಿ ತೋರಿಸಿದೆ, ಗಂಟಲು ಕೆರೆಯುವುದರಿಂದ ಹಿಡಿದು. ತಾವೇ ನಡೆದು ಬರುವುದನ್ನು ಕಾಕ ನೋಡಿದರು. ಟಕಟಕಟಕ. ಪರದೆ ಬೆಳ್ಳಗಾಯಿತು. ಅವರು ಪರದೆ ನೋಡಿದರು, ಬೋರ್ಡು ನೋಡಿದರು, ತಮ್ಮ ಎಡಗೈ ನೋಡಿಕೊಂಡರು. ತಪ್ಪಾಯಿತು ಎಂಬ ಮಾತು ಬಾಯಿಯ ತನಕ ಬಂದು, ಅಲ್ಲಿ ಅದೂ ನಿಂತಿತು.

ಕೊನೆಗೆ ಹೇಳಿದರು: "ಸರಿ ಹಾಗಾದ್ರೆ. ಆದ್ರೆ ಆ ಸುರತ್ಕಲ್ ಹುಡುಗಿಗೆ ಮಾತು ಕೊಟ್ಟಾಗಿದೆಯಲ್ಲ. ಸೋಮವಾರ ಬರ್ತಾಳೆ. ಅವಳನ್ನು ಎಂತ ಮಾಡುದು?"

ಅಕ್ಕ ಕನ್ನಡಕ ಮೂಗಿನ ಮೇಲೆ ಕೂರಿಸಿಕೊಂಡರು.

"ಬರ್ಲಿ ಸರ್. ನಿಮ್ಮ ಸ್ವಿಚ್ ಬೋರ್ಡಿನ ಹತ್ರ ಒಂದು ಕುರ್ಚಿ ಹಾಕಿ ಕೂರಿಸಿ."