ಗೌರಿಯ ಗೃಹಪ್ರವೇಶ

ಈ ದಿನ ಬೆಳಿಗ್ಗೆ ದಿನಪತ್ರಿಕೆಯನ್ನು ಎತ್ತಿಕೊಳ್ಳಲೆಂದು ಬಾಗಿಲು ತೆರೆದೆ. ಜೆ.ಪಿ. ನಗರದ ಈ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ನೆಲಮಹಡಿಯ ಮನೆ; ಬಾಗಿಲಿಗೆ ಎದುರಾಗಿಯೇ ಲಿಫ್ಟು. ಕಟ್ಟಡ ಎದ್ದ ದಿನದಿಂದ ಫಿನಾಯಿಲಿನ ಹೊರತು ಬೇರೊಂದು ವಾಸನೆಯನ್ನೇ ಅರಿಯದ ಆ ಲಿಫ್ಟಿನೊಳಗಿಂದ ಹಸುವಿನ ವಾಸನೆ ಬರುತ್ತಿತ್ತು! ಹಸಿ ಹುಲ್ಲು, ಬೆಚ್ಚನೆಯ ಮೈ, ಈಗಷ್ಟೇ ಬಿದ್ದ ಸಗಣಿ. ಐದನೆಯ ಮಹಡಿಗೆ ಹೊಸದಾಗಿ ಬರುತ್ತಿರುವ ಯುವ ದಂಪತಿ ಗೃಹಪ್ರವೇಶಕ್ಕೆಂದು ಗಿಡ್ಡ ತಳಿಯ ಹಸುವೊಂದನ್ನು ಕರುವಿನ ಸಮೇತ ಲಿಫ್ಟಿನಲ್ಲಿಯೇ ಮೇಲಕ್ಕೆ ಕರೆದೊಯ್ದಿದ್ದರು. ಬಕೆಟ್ ಹಿಡಿದು ತೊಳೆಯಲು ಬಂದಿದ್ದ ಕಾವಲುಗಾರನಿಗೆ "ಸ್ವಲ್ಪ ತಡಿಯಪ್ಪ" ಎಂದು ಹೇಳಿ, ಒಳಗೆ ಹೋಗಿ ನಿಂತು, ಎದೆ ತುಂಬ ಉಸಿರೆಳೆದುಕೊಂಡೆ.

"ಸಾರ್, ಹುಷಾರಾಗಿದೀರಾ?" ಎಂದ ಅವನು.

ಇಷ್ಟು ಹುಷಾರಾಗಿ ನಾನು ಬಹಳ ದಿನಗಳಿಂದ ಇರಲಿಲ್ಲ. ಆ ಒಂದು ಉಸಿರಿಗೆ ನಾನು ವಸಂತಪುರದ ಪುಟ್ಟಮ್ಮನ ಅಂಗಳದಲ್ಲಿ ನಿಂತಿದ್ದೆ. ಬನ್ನಿ, ನಿಮ್ಮನ್ನೂ ಕರೆದೊಯ್ಯುತ್ತೇನೆ. ಸ್ಕೂಟರಿನಲ್ಲಿ ಬರುವವರು ಗೇಟಿನ ಹೊರಗೇ ಹೆಲ್ಮೆಟ್ ತೆಗೆದಿಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಈ ಮನೆಗೆ ಬರುವ ಮುನ್ನ ಪುಟ್ಟಮ್ಮ ನಮ್ಮ ಮನೆಯೊಡತಿ. ಅವರ ಮನೆತನ ರಾಗಿ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾಗಿ, ಬಡಾವಣೆಗಳು ಬೀದಿಗಳಾಗಿ ಹೋದ ಮೇಲೂ, ಮನೆಯ ಸುತ್ತಲಿನ ಒಂದು ತುಂಡು ನೆಲವನ್ನು ಆಕೆ ಬಿಟ್ಟುಕೊಟ್ಟಿರಲಿಲ್ಲ. ಕೆಳಗೆ ಆಕೆ ಮತ್ತು ಆಕೆಯ ಪ್ರಾಣಿಗಳು. ಮಹಡಿಯ ಮೇಲೆ ಬಾಡಿಗೆಗೆ ನಾನು ಮತ್ತು ನನ್ನ ಹೆಂಡತಿ ಶಾರದೆ. ಮನೆ ನೋಡಲು ಹೋದ ದಿನವೇ ಆಕೆ ಷರತ್ತು ವಿಧಿಸಿದ್ದರು: "ನಿಮ್ಗೆ ಪ್ರಾಣಿ ಆಗ್ಬರಲ್ಲ ಅಂದ್ರೆ ಈಗ್ಲೇ ಯೋಳ್ಬಿಡಿ ಸಾರ್. ಆಮ್ಯಾಕೆ ಅದು ಕೂಗ್ತು, ಇದು ಕಚ್ತು ಅಂತ ನನ್ತಾವ ಬರ್‌ಬಾರ್ದು." ನಾನು ಶಾಸನಗಳ ಕಾಲನಿರ್ಣಯ ಮಾಡುವವನು, ಕಲ್ಲುಗಳು ಕೂಗುವುದಿಲ್ಲ, ಕಚ್ಚುವುದೂ ಇಲ್ಲ. ಏನು ಒಪ್ಪಿಕೊಳ್ಳುತ್ತಿದ್ದೇನೆಂದು ತಿಳಿಯದೆಯೇ ಒಪ್ಪಿಕೊಂಡೆ.

ಆ ಅಂಗಳದಲ್ಲಿ ಕಾಳ ಎಂಬ ಟಗರೊಂದಿತ್ತು. ಬರಿದಲೆಯವರನ್ನು ಅದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೆಲ್ಮೆಟ್ ಧರಿಸಿದವರನ್ನು ಮಾತ್ರ ತನ್ನಂತೆಯೇ ಕಾದಾಡಲು ಬಂದವರೆಂದು ಬಗೆದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಗುದ್ದುತ್ತಿತ್ತು. ಟರ್ಕಿ ಕೋಳಿಯೊಂದಿತ್ತು, ಯಾವ ಮನೆಯ ಕುಕ್ಕರ್ ಕೂಗಿದರೂ ಅದಕ್ಕೆ ಉತ್ತರ ಕೊಡದೆ ಬಿಡುತ್ತಿರಲಿಲ್ಲ. ಶಾರದೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಲೇ ಟರ್ಕಿಯ ಕೂಗನ್ನು ಎಣಿಸಿ, ಬೇಳೆ ಬೆಂದಿತೆಂದು ತಿಳಿದು ಒಲೆ ಆರಿಸಲು ಓಡುತ್ತಿದ್ದಳು. ಒಮ್ಮೊಮ್ಮೆ ಅದು ಪಕ್ಕದ ಮನೆಯ ಬೇಳೆಯಾಗಿರುತ್ತಿತ್ತು. ಟೈಗರ್ ಎಂಬ ನಾಯಿ ಇತ್ತು. ಅದು ಮರಿಗಳೊಂದಿಗಿರುವ ಕೋಳಿಯನ್ನು ಕಂಡರೆ ಮಂಚದಡಿ ಸೇರುತ್ತಿತ್ತು. ಚಿನ್ನಿ ಎಂಬ ಮೇಕೆ ಹೊರಗಿನ ಮೆಟ್ಟಿಲು ಹತ್ತಿ ನೇರವಾಗಿ ನನ್ನ ಕೋಣೆಗೆ ಬರುತ್ತಿತ್ತು. ಪುಸ್ತಕಗಳ ಬಗ್ಗೆ ಅದಕ್ಕೆ ಆಸಕ್ತಿ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ಮಾತ್ರ ಬೇಕಾಗಿತ್ತು.

ಈ ಚಿನ್ನಿಯ ದೆಸೆಯಿಂದಲೇ ನಾನು ಈಗ ಹೇಳಹೊರಟಿರುವ ಘಟನೆಯ ದಿನಾಂಕವನ್ನು ಖಚಿತವಾಗಿ ಕೊಡಲಾರೆ. ಆ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತಿ ಗುರುತಿಸಿದ್ದೆ; ಆ ಹಾಳೆ ಚಿನ್ನಿಯ ಹೊಟ್ಟೆ ಸೇರಿತು. ಆಮಂತ್ರಣಪತ್ರವನ್ನು ನಾವು ಅಚ್ಚು ಹಾಕಿಸಿರಲಿಲ್ಲ. ಉಳಿದದ್ದು ಸಾಕ್ಷಿಗಳ ಹೇಳಿಕೆ. ಮಾವಿನಕಾಯಿ ಚಿತ್ರಾನ್ನ ಮಾಡಿಸಿದ್ದು ನೆನಪಿದೆಯಾದ್ದರಿಂದ ಅದು ಬೇಸಗೆಯೆಂದು ಶಾರದೆ ವಾದಿಸುತ್ತಾಳೆ. ಹಸು ಗೌರಿಯ ಮೊದಲ ಕರು ಇನ್ನೂ ಹಾಲು ಕುಡಿಯುತ್ತಿತ್ತು ಎಂಬುದು ಪುಟ್ಟಮ್ಮನ ಲೆಕ್ಕ. ಕನಕಪುರ ರಸ್ತೆಯಲ್ಲಿ ಮೆಟ್ರೋದ ಕಂಬಗಳು ಎದ್ದಿದ್ದವು, ಅವುಗಳ ಮೇಲೆ ಹಳಿ ಇರಲಿಲ್ಲ ಎಂಬುದು ನನ್ನ ಸ್ವಂತ ಸಾಕ್ಷ್ಯ. ಈ ಮೂರೂ ಒಂದಕ್ಕೊಂದು ವಿರೋಧವಾಗಿಲ್ಲ. ಸದ್ಯಕ್ಕೆ ಅಷ್ಟರಿಂದ ತೃಪ್ತರಾಗೋಣ.

ಈಗ ಗೌರಿಯ ವಿಷಯ. ಗೌರಿ ಹುಟ್ಟಿದ ಕೆಲವೇ ದಿನಗಳಲ್ಲಿ ಅವಳ ತಾಯಿ ಕಾಯಿಲೆ ಬಿದ್ದು ಸತ್ತಿತು. ಬಾಟಲಿಯಲ್ಲಿ ಹಾಲು ಕುಡಿಸಿ ಕರುವನ್ನು ಉಳಿಸಿಕೊಂಡವಳು ಶಾರದೆ. ಆದರೆ ಸಾಕಿದ ಹೊಣೆ ತನ್ನದೆಂದು ಇನ್ನೊಬ್ಬ ಹಕ್ಕುದಾರ ತಿಳಿದಿದ್ದ. ಅದು ದೊರೆ ಎಂಬ ಗಂಡು ಹೆಬ್ಬಾತು. ಉದ್ದ ಕೊರಳು, ಬಿಳಿಯ ಮೈ, ಅಮಲ್ದಾರರ ನಡಿಗೆ. ಕರು ಮಲಗಿದಲ್ಲಿ ಅದು ಒರಗಿ ಕೂರುತ್ತಿತ್ತು. ಹತ್ತಿರ ಸುಳಿದವರನ್ನು, ಶಾರದೆಯೊಬ್ಬಳನ್ನು ಬಿಟ್ಟು, ಕಚ್ಚುತ್ತಿತ್ತು. ಕರು ಬೆಳೆದು ಹಸುವಾದರೂ ಈ ಸಂಬಂಧ ಸಡಿಲಲಿಲ್ಲ. ಬೆಳಿಗ್ಗೆ ದೊರೆ ಮುಂದೆ, ಗೌರಿ ಹಿಂದೆ. ಸಂಜೆ ಕೊಟ್ಟಿಗೆಗೂ ಹಾಗೆಯೇ. ಇದನ್ನು ನಾವು ಎಷ್ಟು ದಿನ ನೋಡಿದ್ದೆವೆಂದರೆ, ನೋಡುವುದನ್ನೇ ಬಿಟ್ಟುಬಿಟ್ಟಿದ್ದೆವು.

ಮದುವೆಯಾದಂದಿನಿಂದ ಬಾಡಿಗೆಮನೆಗಳಲ್ಲಿಯೇ ಬಾಳಿದ ಶಾರದೆಗೆ ಕೊನೆಗೂ ಸ್ವಂತದ್ದೊಂದು ಮನೆಯಾಯಿತು, ಈಗ ನಾವಿರುವ ಈ ನೆಲಮಹಡಿಯ ಮನೆ. ಅವಳ ಕೋರಿಕೆ ಒಂದೇ: "ನಮ್ಮನೆಗೆ ಮೊದಲು ಕಾಲಿಡೋದು ಗೌರೀನೇ ಆಗಬೇಕು ರೀ. ಬಾಡಿಗೆ ಹಸು ಬೇಡ. ಅವಳೂ ಎಳೆಸ್ಕೊಂಡು ಬರಬಾರದು, ತಾನಾಗಿ ಬರಬೇಕು." ಪುಟ್ಟಮ್ಮನಿಗೆ ಹಿಗ್ಗೋ ಹಿಗ್ಗು. "ನಡುಸ್ಕೊಂಡೇ ಬತ್ತೀನಿ ಬುಡಿ ಶಾರದಮ್ಮ. ತೌರುಮನೆಯೋರು ಬಂದಂಗೆ ಬತ್ತೀವಿ."

ಬಂದರು! ಗೌರಿಯ ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡುಹೂವು, ಹಣೆಗೆ ಅರಿಸಿನ, ಪಕ್ಕದಲ್ಲಿ ಕುಣಿಯುವ ಕರು, ಹೊಸ ಸೀರೆಯ ಪುಟ್ಟಮ್ಮ. ಕನಕಪುರ ರಸ್ತೆಯನ್ನು ದಾಟಿ, ಬಸ್ಸುಗಳನ್ನು ನಿಲ್ಲಿಸಿ, ಅಪಾರ್ಟ್‌ಮೆಂಟಿನ ಗೇಟು ಹೊಕ್ಕು, ನಮ್ಮ ಬಾಗಿಲವರೆಗೂ ಬಂದರು. ಪುರೋಹಿತರು ಮಂತ್ರ ಹೇಳಿದರು. ಶಾರದೆ ಆರತಿ ಎತ್ತಿದಳು. ಗೌರಿ ಹೊಸ್ತಿಲನ್ನು ಮೂಸಿ ನೋಡಿ, ನಾಲ್ಕೂ ಕಾಲುಗಳನ್ನು ಊರಿ, ನಿಂತುಬಿಟ್ಟಳು.

ಬಾಳೆಹಣ್ಣು ತೋರಿಸಿದೆವು, ಕೊರಳು ಚಾಚಿ ತಿಂದಳು, ಕಾಲೆತ್ತಲಿಲ್ಲ. ಬೆಲ್ಲ ತೋರಿಸಿದೆವು, ಅದನ್ನೂ ತಿಂದಳು. "ಬಾರೇ ನಮ್ಮವ್ವ, ಮರ್ಯಾದೆ ಕಳೀಬ್ಯಾಡ ಕಣೇ" ಎಂದು ಪುಟ್ಟಮ್ಮ ಬೇಡಿಕೊಂಡರು. ನೆಂಟರೊಬ್ಬರು ಹಗ್ಗ ಹಿಡಿದು ಎಳೆಯಲು ಮುಂದಾದರು. ಶಾರದೆ ಅವರ ಕೈ ಹಿಡಿದು ನಿಲ್ಲಿಸಿದಳು.

"ಯಜಮಾನರೇ, ಲಗ್ನ ಮೀರ್ತಾ ಇದೆ. ಆಮೇಲೆ ರಾಹುಕಾಲ" ಎಂದರು ಪುರೋಹಿತರು.

ಪುಟ್ಟಮ್ಮ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ ಬುದ್ಧಿಗೆ! ದೊರೆ ಎಲ್ಲವ್ನೆ? ಇವಳು ಯಾವತ್ತಾನ ದೊರೆ ಇಲ್ದೆ ಹೊಸ್ಲು ದಾಟವ್ಳಾ? ದೊಡ್ಡೋರೆಲ್ಲಾ ಬತ್ತಾರೆ, ಕಚ್ಚಿಬುಡ್ತಾನೆ ಅಂತ ಬುಟ್ಟಿ ಮುಚ್ಚಿ ಬಂದಿವ್ನಿ ಸಾರ್!"

ಸಭ್ಯತೆಗೆಂದು ಮಾಡಿದ ಕೆಲಸ ಮುಹೂರ್ತಕ್ಕೆ ಮುಳುವಾಗಿತ್ತು. ಪುಟ್ಟಮ್ಮ ಗೌರಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ಶಾರದೆ ನನ್ನನ್ನು ನೋಡಿದಳು. ರೇಷ್ಮೆಪಂಚೆ, ಜರಿಶಲ್ಯಗಳಲ್ಲಿದ್ದ ಯಜಮಾನನಾದ ನಾನು ಬೀದಿಗೆ ಓಡಿದೆ.

"ಎಲ್ಲಿಗ್ ಸಾರ್?" ಎಂದ ಆಟೋದವನು.

"ವಸಂತಪುರ. ಹೋಗಿ ಹಾಗೇ ವಾಪಸ್ ಬರಬೇಕು. ಒಂದು ಹೆಬ್ಬಾತು ತರಬೇಕು."

"ಏನ್ ತರ್ಬೇಕು?"

"ದೊಡ್ಡ ಬಾತುಕೋಳಿ."

ಅವನು ನನ್ನ ಪಂಚೆಯನ್ನೂ, ಹಣೆಯ ಕುಂಕುಮವನ್ನೂ ನೋಡಿದ. "ಫಂಕ್ಷನ್ ಊಟಕ್ಕಾ ಸಾರ್?"

"ಅಯ್ಯೋ ಅಲ್ಲಪ್ಪ! ಗೃಹಪ್ರವೇಶ. ಹಸು ಒಳಗೆ ಬರ್ತಾ ಇಲ್ಲ. ಬಾತುಕೋಳಿ ಬಂದ್ರೇನೇ ಅದು ಬರೋದು."

ಅವನ ಮುಖವೆಲ್ಲ ಅರಳಿತು. "ಸಖತ್ ಸಾರ್! ಹತ್ತಿ, ಹತ್ತಿ!"

ಆ ಪ್ರಯಾಣವನ್ನು ಹೇಗೆ ಬಣ್ಣಿಸಲಿ! ಕಂಬಗಳ ನಡುವೆ ನುಸುಳಿ, ಗುಂಡಿಗಳನ್ನು ಹಾರಿ, ಅವನು ಓಡಿಸಿದ ಓಟಕ್ಕೆ ನನ್ನ ಶಲ್ಯ ಬಾವುಟದಂತೆ ಹೊರಗೆ ಹಾರುತ್ತಿತ್ತು. ವಸಂತಪುರದ ಅಂಗಳದಲ್ಲಿ ಟರ್ಕಿ ಕೂಗಿತು, ಟೈಗರ್ ಮಂಚದಡಿ ಸೇರಿತು. ಬುಟ್ಟಿಯ ಮೇಲಿನ ಕಲ್ಲನ್ನು ತೆಗೆದದ್ದೇ ತಡ, ದೊರೆ ನನ್ನ ಮುಂಗೈಯನ್ನು ಕಚ್ಚಿತು. ಮಾವನವರು ಕೊಟ್ಟಿದ್ದ ಜರಿಶಲ್ಯದಲ್ಲಿ ಅದನ್ನು ಸುತ್ತಿ, ಕೂಸಿನಂತೆ ಅವುಚಿಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಅದು ಕೊರಳನ್ನು ಹೊರಚಾಚಿ ಸಂಚಾರವನ್ನೆಲ್ಲ ಬೈಯುತ್ತ ಬಂತು.

"ಸಾರ್, ಇವತ್ತು ನಾನು ಹಾರನ್ನೇ ಹೊಡೆಯಂಗಿಲ್ಲ" ಎಂದು ಆಟೋದವನು ನಕ್ಕ. ಮರುಗಳಿಗೆಯೇ, "ಅಯ್ಯಪ್ಪಾ! ಲೇ ಮಗಾ, ಕಾಲರ್ ಬಿಡೋ! ನಿನ್ ಕೆಲ್ಸಾನೇ ಮಾಡ್ತಿರೋದು ನಾನು!" ಎಂದು ಕೂಗಿಕೊಂಡ.

ಮನೆ ಮುಟ್ಟಿದಾಗ ಇನ್ನೊಂದು ತೊಡಕು ಕಾದಿತ್ತು. ಪುರೋಹಿತರು ಬಾಗಿಲಿಗೆ ಅಡ್ಡ ನಿಂತರು. "ಗೋಪ್ರವೇಶಕ್ಕೆ ಮುಂಚೆ ಇನ್ಯಾವ ಪ್ರಾಣೀನೂ ಹೊಸ್ತಿಲು ದಾಟೋ ಹಾಗಿಲ್ಲ, ಯಜಮಾನರೇ." ದೊರೆ ಮೊದಲು ಹೋಗದೆ ಗೌರಿ ಹೋಗಳು, ಗೌರಿ ಹೋಗುವ ಮುನ್ನ ದೊರೆ ಹೋಗಕೂಡದು. ಶಾರದೆಯ ಕಣ್ಣು ತುಂಬಿತು. ಆದರೆ ಅವಳು ಕಣ್ಣು ತುಂಬಿಕೊಂಡೇ ಯೋಚಿಸಬಲ್ಲವಳು.

"ರೀ, ಹಿಂದುಗಡೆ ಬಾಲ್ಕನಿ ಗೋಡೆ ಗಿಡ್ಡ ಇದೆ. ಒಳಗಿನ ಬಾಗಿಲೂ ತೆಗೆದೇ ಇದೆ. ಅಲ್ಲಿಂದ ಇಳಿಸಿದ್ರೆ ಹೊಸ್ತಿಲು ದಾಟಿದ ಹಾಗಾಗಲ್ಲ, ಅಲ್ವಾ?"

ಪುರೋಹಿತರು ಗಡ್ಡ ನೀವಿಕೊಂಡರು. "ಇದಕ್ಕೆ ಪ್ರಮಾಣ ಎಲ್ಲಿದೆ? ತಾವು ಸಂಶೋಧಕರು, ತಾವೇ ಹೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆಧಾರವಿಲ್ಲದೆ ಒಂದು ಅಡಿಟಿಪ್ಪಣಿಯನ್ನೂ ಬರೆದವನಲ್ಲ ನಾನು. ಬಾಲ್ಕನಿಯ ಶಾಸ್ತ್ರವನ್ನು ಯಾವ ಕಲ್ಲಿನಲ್ಲಿಯೂ, ಯಾವ ತಾಮ್ರಪಟದಲ್ಲಿಯೂ ನಾನು ಓದಿರಲಿಲ್ಲ. ಶಾರದೆಯ ಮುಖವನ್ನು ನೋಡಿದೆ.

"ಬಾಲ್ಕನಿ ದ್ವಾರವಲ್ಲ. ಅದರ ಮೂಲಕ ಬಂದದ್ದು ಪ್ರವೇಶವಲ್ಲ. ಸಂದೇಹವೇ ಬೇಡ" ಎಂದು ಗಂಭೀರವಾಗಿ ಘೋಷಿಸಿದೆ.

"ಹಾಗಾದ್ರೆ ಸರಿ" ಎಂದರು ಪುರೋಹಿತರು, ತಮ್ಮ ಮೇಲಿನ ಭಾರ ಇಳಿದವರಂತೆ.

ದೊರೆಯನ್ನು ಗೋಡೆಯಾಚೆ ಇಳಿಸಿದೆ. ಅದು ರೆಕ್ಕೆ ಕೊಡವಿ, ಖಾಲಿ ಹಜಾರಕ್ಕೆ ನಡೆದು, ಅಲ್ಲಿ ಕೊರಳೆತ್ತಿ ಕೂಗಿತು. ಬರಿಗೋಡೆಗಳಿಗೆ ತಾಗಿ ಆ ಕೂಗು ಶಂಖದಂತೆ ಮೊಳಗಿತು. ನಾನು ಮುಂಬಾಗಿಲಿಗೆ ಓಡಿ ಬರುವಷ್ಟರಲ್ಲಿ ಗೌರಿಯ ಕಿವಿಗಳು ನಿಮಿರಿದ್ದವು. ಅವಳೊಮ್ಮೆ ಅಂಬಾ ಎಂದಳು. ಯಾರೂ ಹಗ್ಗ ಮುಟ್ಟಲಿಲ್ಲ. ಹೊಸ್ತಿಲ ಮೇಲೆ ಕಾಲಿಟ್ಟಳು (ಬಲಗಾಲು ಎಂದು ಶಾರದೆ, ಎರಡನ್ನೂ ಒಟ್ಟಿಗೆ ಎಂದು ಪುಟ್ಟಮ್ಮ), ಕರುವನ್ನು ಹಿಂದಿಟ್ಟುಕೊಂಡು, ಗೆಜ್ಜೆ ಘಲ್ಲೆನ್ನುತ್ತ ಒಳಗೆ ನುಗ್ಗಿದಳು! ಹಜಾರದ ನಡುವೆ ನಿಂತು, ದೊರೆಯ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿ, ಹೊಚ್ಚಹೊಸ ಟೈಲ್ಸಿನ ಮೇಲೆ ಧಾರಾಳವಾಗಿ ಸಗಣಿ ಹಾಕಿದಳು.

"ಶುಭಂ! ಶುಭಂ!" ಎಂದು ಪುರೋಹಿತರು ಕೂಗಿದರು. ಪುಟ್ಟಮ್ಮ ಮತ್ತು ಶಾರದೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕರು, ಅತ್ತರು. ಆಟೋದವನೂ ಒಳಗೆ ಬಂದು ಚಪ್ಪಾಳೆ ತಟ್ಟುತ್ತಿದ್ದ. ಅವನನ್ನು ಊಟ ಮಾಡಿಸದೆ ಯಾರೂ ಕಳುಹಿಸಲಿಲ್ಲ.

ಲಗ್ನ ಮೀರಿತ್ತೇ? ಪುರೋಹಿತರ ಗಡಿಯಾರ ಒಂದು ಹೇಳಿತು, ನೆಂಟರ ಮೊಬೈಲುಗಳು ಇನ್ನೊಂದು. ನಾನು ನನ್ನ ಕೈಗಡಿಯಾರವನ್ನು ನೋಡಲಿಲ್ಲ. ಶಾಸನಗಳಲ್ಲಿ ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ನಾವು ಲಿಪಿಕಾರನನ್ನು ದೂರುತ್ತೇವೆ, ಇಲ್ಲವೇ ಶಾಸನವನ್ನೇ ಕೂಟ, ಎಂದರೆ ನಕಲಿ, ಎಂದು ಪಕ್ಕಕ್ಕಿಡುತ್ತೇವೆ. ಆ ದಿನದ ಮೇಲೆ ಅಂಥ ಕಲ್ಲು ಎದುರಾದಾಗಲೆಲ್ಲ ನನಗೆ ಬೇರೊಂದು ಅನುಮಾನ ಬರುತ್ತದೆ: ಅಲ್ಲಿಯೂ ಒಂದು ಹಸು ಬಾಗಿಲಲ್ಲಿ ನಿಂತುಬಿಟ್ಟಿತ್ತೋ ಏನೋ, ಯಾರೋ ಬಾತುಕೋಳಿ ತರಲು ಓಡಿದ್ದರೋ ಏನೋ.

ಈ ಮಧ್ಯಾಹ್ನ ಐದನೆಯ ಮಹಡಿಯಲ್ಲಿ ನಮಗೂ ಊಟವಿತ್ತು. ಎಲೆಯ ಮುಂದೆ ಕುಳಿತಿದ್ದಾಗ ಮನೆಯ ಯಜಮಾನನಾದ ಯುವಕ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಮುಖದಲ್ಲಿ ಕಳೆಯೇ ಇರಲಿಲ್ಲ.

"ಅಂಕಲ್, ಒಂದ್ ಮಾತು. ಲಿಫ್ಟ್ ಮಧ್ಯದಲ್ಲೇ ನಿಂತುಬಿಡ್ತು. ಹಸು ಒಳಗೆ ಬರೋಷ್ಟರಲ್ಲಿ ಮುಹೂರ್ತ ಮುಗಿದೇ ಹೋಗಿತ್ತು. ಬೆಳಿಗ್ಗೆಯಿಂದ ಇವಳು ಸರಿಯಾಗಿ ಮಾತೇ ಆಡ್ತಿಲ್ಲ. ನೀವು ಡೇಟ್ಸು, ಪಂಚಾಂಗ ಎಲ್ಲಾ ರಿಸರ್ಚ್ ಮಾಡಿರೋರು. ಏನಾದ್ರೂ ತೊಂದ್ರೆನಾ?"

ನೀರಿನ ಜಗ್ಗು ಹಿಡಿದು ಅವನ ಹಿಂದೆಯೇ ನಿಂತಿದ್ದ ಹೆಂಡತಿಯೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಎಳೆದುಕೊಂಡು ಬಂದಿರಾ, ತಾನಾಗಿ ಬಂತಾ?" ಎಂದು ಕೇಳಿದೆ.

"ತಾನಾಗೇ ಬಂತು ಅಂಕಲ್" ಎಂದಳು ಅವಳೇ. "ಬಾಗಿಲು ನೋಡಿದ ತಕ್ಷಣ ಸೀದಾ ಒಳಗೆ ಬಂತು. ಕಿಚನ್‌ವರೆಗೂ ಬಂತು."

"ಹಾಗಾದರೆ ಅದು ಬಂದದ್ದೇ ಮುಹೂರ್ತ" ಎಂದೆ. "ಸಂದೇಹವೇ ಬೇಡ."

ಅವಳು ಗಂಡನ ಮುಖ ನೋಡಿದಳು. ಬೆಳಗಿನಿಂದ ಬಿಗಿದಿದ್ದದ್ದು ಏನೋ ಇಬ್ಬರಲ್ಲಿಯೂ ಒಟ್ಟಿಗೇ ಸಡಿಲವಾಯಿತು. ಪಕ್ಕದ ಎಲೆಯಲ್ಲಿದ್ದ ಶಾರದೆ, ನನ್ನ ಕಡೆ ತಿರುಗದೆಯೇ, ಬಡಿಸುವವರನ್ನು ಕರೆದಳು.

"ಇವರಿಗೆ ಇನ್ನೊಂದು ಹೋಳಿಗೆ ಹಾಕಿ. ತುಪ್ಪ ಜಾಸ್ತಿ."