ಎತ್ತಿನ ಗಂಟಲಲ್ಲಿ ಎರಡು ದಾರಿ

ಮೆಹಕರದ ಮಡೆಪ್ಪ ಹುಟ್ಟಾ ಅನುಮಾನದ ಪ್ರಾಣಿ. ಬೀಗರ ಮನೆಯಲ್ಲಿ ಊಟಕ್ಕೆ ಕುಳಿತರೂ ಪಕ್ಕದವನು ಮೊದಲ ತುತ್ತು ನುಂಗುವ ತನಕ ಕೈಯಿಡುವವನಲ್ಲ. ಸಂತೆಯಲ್ಲಿ ಮೂಸಿ ಕೊಂಡ ಬೆಲ್ಲವನ್ನು ಮನೆಗೆ ತಂದು ಒಡೆದು ಇನ್ನೊಮ್ಮೆ ಮೂಸುತ್ತಿದ್ದ. "ನಮ್ಮ ಮನಿಯವರು ತಮ್ಮ ನೆರಳೂ ನಂಬಂಗಿಲ್ರಿ" ಎಂದು ಹೆಂಡತಿ ಗುಂಡಮ್ಮ ಬಾವಿಕಟ್ಟೆಯಲ್ಲಿ ನಗೆಯಾಡುತ್ತಿದ್ದಳು.

೧೯೪೮ರಲ್ಲಿ ಆ ನಗೆಯೂ ನಿಂತಿತು. ರಜಾಕಾರರ ಹಾವಳಿ, ಅದರ ಬೆನ್ನಿಗೇ ಪೊಲೀಸ್ ಆ್ಯಕ್ಷನ್, ನಿಜಾಮರ ಆಳ್ವಿಕೆ ಮುಗಿದದ್ದು, ಎಲ್ಲವೂ ಒಂದೇ ವರ್ಷದಲ್ಲಿ ಆಗಿಹೋಯಿತು. ನಿನ್ನೆಯವರೆಗೆ ಒಂದೇ ಕಟ್ಟೆಯ ಮೇಲೆ ಬೀಡಿ ಸೇದಿದವರು ಒಬ್ಬರನ್ನೊಬ್ಬರು ಓರೆಗಣ್ಣಿಂದ ನೋಡತೊಡಗಿದರು. ಯಾರಾದರೂ ಬೆರಳು ಮಾಡಿ ತೋರಿಸಿದರೆ ಸಾಕು, ಆ ಮನುಷ್ಯ ಮನೆಗೆ ಮರಳುವ ಭರವಸೆ ಇರಲಿಲ್ಲ. ಮಡೆಪ್ಪನದಂತೂ ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದಂಥ ಸ್ಥಿತಿ.

ದೀಪಾವಳಿ ಕಳೆದ ವಾರ ಅವನ ದೇವಣಿ ತಳಿಯ ಜೋಡಿಯಲ್ಲಿ ಒಂದೆತ್ತು ಕೆಮ್ಮತೊಡಗಿತು. ಭಾಲ್ಕಿಯಲ್ಲಿ ಖಾಸಿಂ ಅಲಿ ಎಂಬ ಸಲೋತ್ರಿ ಇದ್ದ. ಇಪ್ಪತ್ತು ವರ್ಷ ನಿಜಾಮರ ಸರ್ಕಾರದಲ್ಲಿ ದನಗಳಿಗೆ ಔಷಧ ಮಾಡಿದವನು. ಮಡೆಪ್ಪ ಬೇಡವೆಂದರೂ ಗುಂಡಮ್ಮ ಹಟ ಹಿಡಿದು ಕರೆಸಿದಳು.

ಖಾಸಿಂ ಅಲಿ ಎತ್ತಿನ ಪಕ್ಕೆಗೆ ಕಿವಿ ಹಚ್ಚಿ ಎರಡೂ ಕಡೆ ಬಹಳ ಹೊತ್ತು ಕೇಳಿದ. ಆಮೇಲೆ ಬಿದಿರಿನ ಗೊಟ್ಟದಲ್ಲಿ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದ. ಎತ್ತು ಕೆಮ್ಮಿದಾಗಲೆಲ್ಲ ಅದರ ತಲೆ ಇಳಿಸಿ, ಕೆಮ್ಮು ನಿಲ್ಲುವ ತನಕ ಸುಮ್ಮನೆ ನಿಲ್ಲುತ್ತಿದ್ದ.

"ಗಂಟಲದಾಗ ಎರಡು ದಾರಿ ಅವರಿ ಮಡೆಪ್ಪನವರ. ಒಂದು ಹೊಟ್ಟಿಗೆ, ಒಂದು ಉಸಿರಿಗೆ. ನುಂಗೋವಾಗ ಉಸಿರಿನ ದಾರಿ ಮುಚ್ಚತದ. ಕೆಮ್ಮೋವಾಗ ತೆರೀತದ. ಆಗ ಹನಿ ನೀರೂ ಹಾಕಬಾರದು ನೋಡ್ರಿ."

ಮಡೆಪ್ಪ ತಲೆಯಾಡಿಸಿದ, ಆದರೆ ತಲೆಯೊಳಗೆ ಬೇರೆಯೇ ಓಡುತ್ತಿತ್ತು. ಇಷ್ಟು ನಿಧಾನ ಯಾಕೆ? ಸೀಸೆಯಲ್ಲಿ ಉಳಿದ ಔಷಧವನ್ನು ಚೀಲಕ್ಕೆ ಹಾಕಿಕೊಂಡದ್ದು ಯಾಕೆ? ತನ್ನವರ ರಾಜ್ಯ ಹೋದ ಸಿಟ್ಟು ಇವನಿಗೆ ಇರದೆ ಇರುತ್ತದೆಯೇ?

ಸಲೋತ್ರಿ ಹೋದ ಸ್ವಲ್ಪ ಹೊತ್ತಿಗೆ ಎತ್ತು ಮತ್ತೆ ಕೆಮ್ಮಿತು. ವಿಷವೇ ಸೈ ಎಂದು ಮಡೆಪ್ಪ ತೀರ್ಮಾನಿಸಿದ. ವಿಷ ಇಳಿಯಬೇಕೆಂದರೆ ಅರಿಸಿನ ಕಲಸಿದ ಕುಸುಬೆ ಎಣ್ಣೆ ಕುಡಿಸಬೇಕೆಂದು ಅವನ ಅಪ್ಪ ಹೇಳುತ್ತಿದ್ದ. ಹಗ್ಗವನ್ನು ಬೇವಿನ ಕೊಂಬೆಗೆ ಹಾಕಿ ಜಗ್ಗಿ ಎತ್ತಿನ ಮೋರೆಯನ್ನು ಮೇಲಕ್ಕೆತ್ತಿದ, ನಾಲಿಗೆ ಎಳೆದು ಹಿಡಿದ, ಎರಡು ಗೊಟ್ಟ ಸುರಿದ.

"ಕೆಮ್ಮಲತ್ತದ, ಸ್ವಲ್ಪ ತಡೀರಿ" ಎಂದು ಗುಂಡಮ್ಮ ಕೂಗಿದಳು.

"ತಡದ್ರ ವಿಷ ಏರ್ತದ, ನೀ ಸುಮ್ಮಿರು!"

ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಎತ್ತು ಸತ್ತಿತು. ಮಡೆಪ್ಪ ಅದರ ಕೊರಳು ತಬ್ಬಿ ಗಳಗಳನೆ ಅತ್ತ. ಕಣ್ಣು ಒರೆಸಿಕೊಂಡವನೇ ಭಾಲ್ಕಿಗೆ ಓಡಿ, ಅಲ್ಲಿ ಬೀಡುಬಿಟ್ಟಿದ್ದ ಪರಸ್ಥಳದ ಪೊಲೀಸರ ಮುಂದೆ, ಸಲೋತ್ರಿ ವಿಷ ಹಾಕಿದನೆಂದು ಲಿಂಗ ಮುಟ್ಟಿ ಹೇಳಿದ. ಎಣ್ಣೆಯ ಮಾತು ಎತ್ತಲಿಲ್ಲ. ಮುಚ್ಚಿಟ್ಟನೆಂದಲ್ಲ, ಅದು ಹೇಳುವಂಥ ಮಾತೆಂದು ಅವನಿಗೆ ಹೊಳೆಯಲೇ ಇಲ್ಲ.

ಹಿಡಿದು ತಂದಾಗ ಖಾಸಿಂ ಅಲಿ ಒಂದೇ ಬೇಡಿಕೆ ಇಟ್ಟ. ಎತ್ತನ್ನು ಹೂಳುವ ಮುಂಚೆ ಕೊಯ್ದು ನೋಡಿರಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿರಿ ಎಂದ. ಹವಾಲ್ದಾರ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಮೆಹಕರಕ್ಕೆ ಬಂದ. ಕುಣಿ ತೋಡಿ ಆಗಿತ್ತು, ಎತ್ತಿನ ಹಣೆಗೆ ವಿಭೂತಿ ಹಚ್ಚಿದ್ದರು. ಬಸವಣ್ಣನ ಮೈಗೆ ಚೂರಿಯೇ ಎಂದು ಮಡೆಪ್ಪ ಅಡ್ಡ ನಿಂತ.

"ಕೊಯ್ಯಲಿ ಬಿಡ್ರಿ. ತಪ್ಪು ಅವರದಿದ್ರ ಅವರದು ಹೊರಗ ಬರ್ತದ, ನಮ್ಮದಿದ್ರ ನಮ್ಮದು" ಎಂದಳು ಗುಂಡಮ್ಮ.

ಹೊಟ್ಟೆಯಲ್ಲಿ ಅರೆಬರೆ ಜೀರ್ಣವಾದ ಮೇವಿತ್ತು, ವಿಷ ಸುಟ್ಟ ಗುರುತು ಎಲ್ಲೂ ಇರಲಿಲ್ಲ. ಖಾಸಿಂ ಅಲಿ ಕೊರಳಿಗೆ ಬಂದ. ಬಳೆ ಜೋಡಿಸಿದಂತಿದ್ದ ಉಸಿರುನಾಳವನ್ನು ಉದ್ದಕ್ಕೆ ಸೀಳಿದಾಗ ಹಳದಿ ನೊರೆ ಕಂಡಿತು. ಎತ್ತಿನ ಉಸಿರುನಾಳ ಎರಡಾಗಿ ಒಡೆಯುವ ಮುಂಚೆಯೇ ಬಲಕ್ಕೊಂದು ಸಣ್ಣ ಕವಲು ಹೋಗುತ್ತದೆ. ಅದು ಸೇರುವ ಪುಪ್ಪುಸದ ಭಾಗ ಕಪ್ಪುಗೆಂಪಾಗಿ, ಪಿತ್ತಜನಕಾಂಗದ ಹಾಗೆ ಗಟ್ಟಿಯಾಗಿತ್ತು. ಅಲ್ಲಿಂದ ಒಂದು ತುಂಡು, ಪುಪ್ಪುಸದ್ದೇ ಬೆನ್ನಿನ ಕಡೆಯಿಂದ ಒಂದು ತುಂಡು ಕೊಯ್ದು ನೀರಿನ ಬಕೀಟಿಗೆ ಹಾಕಿದ. ಬೆನ್ನಿನ ಕಡೆಯದು ತೇಲಿತು. ಇನ್ನೊಂದು ತಳ ಸೇರಿತು.

"ತೇಲಿದ್ದರಾಗ ಗಾಳಿ ಅದರಿ, ಮುಳುಗಿದ್ದರಾಗ ಇಲ್ಲ" ಎಂದ ಖಾಸಿಂ ಅಲಿ, ಉಸಿರುನಾಳದ ಹಳದಿ ನೊರೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. "ಇದು ಎಣ್ಣಿ. ನನ್ನ ದವಾದಾಗ ಎಣ್ಣಿ ಇಲ್ರಿ."

ಹಾಗಾದರೆ ಎಲ್ಲಿಂದ ಬಂತು, ಗೊಟ್ಟ ಹಾಕಿದವನು ನೀನೇ ಅಲ್ಲವೇ ಎಂದು ಹವಾಲ್ದಾರ ಹಿಂದಿಯಲ್ಲಿ ಗದರಿದ. ಖಾಸಿಂ ಅಲಿಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಗೊತ್ತಿದ್ದದ್ದು ಮಡೆಪ್ಪನ ಮೂಗಿಗೆ. ಅದು ತನ್ನದೇ ಅಡಿಗೆಮನೆಯ ವಾಸನೆ. ಬಾಯಿ ಮುಚ್ಚಿಕೊಂಡಿದ್ದರೆ ಬಸವಣ್ಣನನ್ನು ಕೊಂದ ಹೆಸರು ತಪ್ಪುತ್ತಿತ್ತು. ಗುಂಡಮ್ಮ ನೆಲ ನೋಡುತ್ತ ನಿಂತಿದ್ದಳು, ಗಂಡನ ತಪ್ಪನ್ನು ಪರರ ಮುಂದೆ ತಾನಾಗಿ ಹೇಳುವವಳಲ್ಲ. ಎದುರಿಗೆ ಮಾತ್ರ ಒಬ್ಬ ಮನುಷ್ಯನ ಜೀವ ಇತ್ತು.

"ಎಣ್ಣಿ ನಾನೇ ಹಾಕೀನ್ರಿ," ಎಂದ ಮಡೆಪ್ಪ. "ಅವರು ಹೋದ ಮ್ಯಾಲ. ಎತ್ತು ಕೊಂದಾವ ನಾನೇ."

ಹವಾಲ್ದಾರ ನಂಬಲಿಲ್ಲ. ಬೆಳಿಗ್ಗೆ ವಿಷ ಅಂದವನು ಈಗ ಎಣ್ಣೆ ಅನ್ನುತ್ತೀಯ, ನಿನ್ನನ್ನು ಹೆದರಿಸಿದವರು ಯಾರು ಎಂದು ಕೇಳಿ, ಖಾಸಿಂ ಅಲಿಯನ್ನು ಮತ್ತೆ ಜೀಪಿಗೆ ಹತ್ತಿಸಿದ. ಮಡೆಪ್ಪ ಜೀಪಿನ ಧೂಳಿನಲ್ಲೇ ಭಾಲ್ಕಿಗೆ ನಡೆದ. ಎಂಟು ದಿನ ಪೊಲೀಸರ ಬೀಡಿನ ಮುಂದೆ ಕುಳಿತು, ಬಂದವರಿಗೆಲ್ಲ ಅದೇ ಮಾತು ಹೇಳಿದ. ಜನ್ಮದಲ್ಲಿ ಯಾರನ್ನೂ ನಂಬದವನನ್ನು ಈಗ ಯಾರೂ ನಂಬುತ್ತಿರಲಿಲ್ಲ. ಒಂಬತ್ತನೆಯ ದಿನ, ಸಾಕಾಗಿಯೋ ಏನೋ, ಖಾಸಿಂ ಅಲಿಯನ್ನು ಬಿಟ್ಟರು. ಅವನು ಭಾಲ್ಕಿಯಲ್ಲಿ ನಿಲ್ಲದೆ ಔರಾದಿಗೆ, ತಂಗಿ ಅಜೀಜಾ ಬೇಗಂಳ ಮನೆಗೆ ಹೊರಟುಹೋದ.

ಮರುವರ್ಷ ಉಳಿದ ಎತ್ತೂ ಕೆಮ್ಮಿತು. ಮಡೆಪ್ಪ ಔರಾದಿಗೆ ಹೋಗಿ ಕೈಮುಗಿದು ನಿಂತ. ಬರಲಾರನೆಂದುಕೊಂಡಿದ್ದ, ಆದರೆ ಖಾಸಿಂ ಅಲಿ ಬಂದ. ಎತ್ತಿನ ಪಕ್ಕೆಗೆ ಕಿವಿ ಹಚ್ಚಿ ಕೇಳಿ, ಔಷಧ ಕಲಸಿದ. ಆಮೇಲೆ ಸೀಸೆಯನ್ನು ತನ್ನ ಬಾಯಿಗೆತ್ತಿ ಒಂದು ಗುಟುಕು ಕುಡಿದು, ಬಾಯಿ ತೆರೆದು ತೋರಿಸಿದ.

"ಬ್ಯಾಡ್ರಿ ಸಾಬರ! ನಮಗ ನಂಬಿಕಿ ಅದರಿ" ಎಂದು ಮಡೆಪ್ಪ ಅವನ ಕೈ ಹಿಡಿದುಕೊಂಡ.

ಖಾಸಿಂ ಅಲಿ ಮೆಲ್ಲಗೆ ಕೈ ಬಿಡಿಸಿಕೊಂಡ. "ನಿಮ್ಮೊಬ್ಬರ ಮನಿಯಾಗ ಅಲ್ರಿ, ಈಗ ಎಲ್ಲರ ಮನಿಯಾಗೂ ಹಿಂಗೇ ಮಾಡ್ತೇನಿ."

ಆ ಮಾತಿಗೆ ಆದಷ್ಟು ದುಃಖ ಮಡೆಪ್ಪನಿಗೆ ಎತ್ತು ಸತ್ತಾಗಲೂ ಆಗಿರಲಿಲ್ಲ.