ಬೀಸುವ ಪದ, ಅಳುವ ಹಾಡು

ಮೊನ್ನೆ ಮುಂಜಾನೆ ಸೊಸೆ ಮಿಕ್ಸರಿಗೆ ಶೇಂಗಾ ಹಾಕಿ ತಿರುಗಿಸುತ್ತ, ತನ್ನಷ್ಟಕ್ಕೆ ಒಂದು ಬೀಸುವ ಪದ ಗುನುಗುತ್ತಿದ್ದಳು. 'ಅಣ್ಣ ಬಂದಾನ ಹೊಲದಿಂದ, ಕಾಲಿಗೆ ಎರಿಮಣ್ಣ, ತೊಳಿಯಾಕ ನೀರ ಇಡತೇನಿ.' ಬೀಸುವ ಕಲ್ಲು ನಮ್ಮ ಮನೆಯಿಂದ ಹೋಗಿ ಎಷ್ಟೋ ವರ್ಷವಾಯಿತು, ಪದ ಮಾತ್ರ ಹೋಗಿಲ್ಲ ನೋಡಿ. ನಾನು ಸೊಪ್ಪು ಸೋಸುವುದನ್ನು ಬಿಟ್ಟು ಹೊರಗೆ ಎದ್ದು ಹೋದೆ. ಯಾಕೆಂದು ಇಷ್ಟು ದಿನ ಯಾರಿಗೂ ಹೇಳಿಲ್ಲ.

ಗದಗ ಜಿಲ್ಲೆಯಾಗುವ ಮೊದಲಿನ ಕಾಲ. ನನ್ನ ಮದುವೆ ಇನ್ನೂ ಆಗಿರಲಿಲ್ಲ. ಅಣ್ಣ ಬೆಟಗೇರಿಯಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ. ವಾಚನಾಲಯದಲ್ಲಿ ಅದೆಂಥದೋ ಪುಸ್ತಕ ಓದಿ ಅವನಿಗೆ ಮಾನವಶಾಸ್ತ್ರದ ಹುಚ್ಚು ಹಿಡಿದಿತ್ತು. ಸೂಟಿಯ ದಿನ ಸೈಕಲ್ ಹತ್ತಿ ಹರ್ತಿಗೋ ಯಳವತ್ತಿಗೋ ಹೋಗಿ, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಬಾಣಂತಿಗೆ ಮೊದಲು ಏನು ಉಣಿಸುತ್ತಾರೆ, ಎಲ್ಲ ಬರೆದುಕೊಂಡು ಬರುತ್ತಿದ್ದ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು.

"ಮಾನವಶಾಸ್ತ್ರ ಅಂದ್ರ ಕೈ ನೋಡಿ ಹೇಳೂದೇನಣ್ಣಾ?" ಎಂದು ಕೇಳಿದ್ದೆ.

"ಅಲ್ಲ ಹುಚ್ಚಿ, ಮಂದಿ ಹೆಂಗ ಬದುಕ್ತಾರ ಅಂತ ನೋಡೂದು."

"ಅದಕ್ಕ ಶಾಸ್ತ್ರ ಯಾಕ ಬೇಕು? ಕಟ್ಟಿ ಮ್ಯಾಲ ಕುಂತ್ರ ಎಲ್ಲಾ ಕಾಣತೈತಿ."

ಅವನು ನಕ್ಕು, ಅದನ್ನೂ ಬರೆದುಕೊಂಡ.

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ನಡೆದ ದಾರಿ, ಅರ್ಧಕ್ಕೆ ಬಿಟ್ಟ ಕೆಲಸ ಎಲ್ಲ ಆ ಅಳುವಿನಲ್ಲೇ ಬರುತ್ತದೆ. ಅದರ ಮೇಲೆ ಲೇಖನ ಬರೆಯಬೇಕೆಂದು ಅಣ್ಣನ ಆಸೆ. ಆದರೆ ಅಳುವ ಹೆಂಗಸರ ನಡುವೆ ಗಂಡಸು ಹೋಗಿ ಕೂರುವಂತಿಲ್ಲ. ಹಿರೇವಡ್ಡಟ್ಟಿಯಲ್ಲಿ ನಮ್ಮ ಸೋದರತ್ತೆ ತೀರಿದಾಗ, "ನೀ ಕೇಳಿಕೊಂಡು ಬಾ, ನಿನ್ನ ನೆನಪು ಛಲೋ ಐತಿ" ಎಂದ. ಕೇಳಿದೆ. ಒಂದು ಮಾತೂ ಮರೆಯಲಿಲ್ಲ.

ಮನೆಗೆ ಬಂದ ಮೇಲೆ ಅವನು ಪೆನ್ನು ಹಿಡಿದು ಎದುರಿಗೆ ಕುಳಿತ. ಒಳಗೆ ಅವ್ವ ಜ್ವರದಲ್ಲಿ ಮಲಗಿದ್ದಳು. ಜೀವ ಇರುವ ಮನೆಯಲ್ಲಿ ಸಾವಿನ ಹಾಡು ಬಾಯಿಗೆ ತಂದರೆ ಸಾವು ಹೊಸ್ತಿಲು ದಾಟಿ ಬರುತ್ತದೆಂದು ಅವಳೇ ನನಗೆ ಕಲಿಸಿದ್ದಳು. ಹೇಳಲಾರೆ ಎನ್ನಬಹುದಿತ್ತು. ಅಣ್ಣನ ಮುಖ ನೋಡಿ ಅದನ್ನೂ ಹೇಳಲಾರದೆ, ಬೀಸುವ ಪದವನ್ನೇ ತಿರುಗಿಸಿದೆ: 'ಅಕ್ಕ ಬರಲಿಲ್ಲ ಹೊಲದಿಂದ.' ಅವನ ಕಣ್ಣಲ್ಲಿ ನೀರು ಬಂತು. ಸುಳ್ಳು ಅಷ್ಟು ಸುಲಭವೆಂದು ನನಗೂ ಗೊತ್ತಿರಲಿಲ್ಲ.

ಮುಂಡರಗಿಯ ಒಂದು ಸಣ್ಣ ಸಭೆಯಲ್ಲಿ ಅವನು ಲೇಖನ ಓದಿದ. ನಾನೂ ಜೊತೆಗೆ ಹೋಗಿದ್ದೆ. ಹಿಂದೆ ಕುಳಿತಿದ್ದ ಒಬ್ಬ ಮುದುಕಿ ಎದ್ದು, "ಯಪ್ಪಾ, ಇದು ಬೀಸೂ ಪದಾ. ನಿಮ್ಮೂರಾಗ ಹೆಣದ ಮುಂದ ಜ್ವಾಳಾ ಬೀಸ್ತಾರೇನು?" ಎಂದಳು. ಸಭೆಯೆಲ್ಲ ನಕ್ಕಿತು. ಅಣ್ಣನೂ ನಗಲು ನೋಡಿದ.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದ: "ತಂಗಿ, ಖರೆ ಹೇಳು. ಅವರು ಹಿಂಗ ಹಾಡಿದ್ರ?"

"ಹಿಂಗ ಹಾಡಿದ್ರಣ್ಣಾ. ಆ ಮುದಕಿಗೇನ ಗೊತ್ತು?"

ಮೊದಲ ಸುಳ್ಳಿಗೆ ಅವ್ವನ ಜ್ವರದ ನೆಪವಿತ್ತು. ಇದಕ್ಕೆ ಏನಿತ್ತು? ಅವ್ವ ಅಷ್ಟರಲ್ಲಿ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಕಿಟಕಿಯ ಕಡೆ ತಿರುಗಿದ. ಆಮೇಲೆ ಯಾವ ಊರಿಗೂ ಸೈಕಲ್ ಹೊಡೆಯಲಿಲ್ಲ, ಬರೆಯಲೂ ಇಲ್ಲ. ನನ್ನ ಸುಳ್ಳು ತಿಳಿದು ಸುಮ್ಮನಾದನೋ, ನನ್ನನ್ನು ನಂಬಿ ತನ್ನ ಬುದ್ಧಿಯನ್ನೇ ನಂಬದಾದನೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವನು ತೀರಿಕೊಂಡಾಗ ಹೆಣದ ಮುಂದೆ ಹಾಡ್ಯಾಡಿ ಅತ್ತೆ. ಅವತ್ತು ಒಂದು ಮಾತೂ ಸುಳ್ಳಿರಲಿಲ್ಲ. ಬರೆದುಕೊಳ್ಳುವವನು ಮಲಗಿದ್ದ.

ನಿನ್ನೆ ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ತೀರಿದಳು. ಹೋಗಿ ಕುಳಿತು ಕೇಳಿದೆ. ತಿರುಗಿ ಬಂದವಳು ಕಟ್ಟೆಯ ಮೇಲೆ ಕುಳಿತು, ಮೊಮ್ಮಗಳ ನೋಟ್‌ಬುಕ್ ತರಿಸಿಕೊಂಡು ಬರೆಯತೊಡಗಿದೆ. ಒತ್ತಕ್ಷರ ತಪ್ಪುತ್ತಿದ್ದವು. ಸಾವಿನ ಮನೆಯಿಂದ ಬಂದವರು ಜಳಕವಾಗದೆ ಏನನ್ನೂ ಮುಟ್ಟಬಾರದು. ಸೊಸೆ ಬಿಸಿನೀರಿನ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಳು.

"ಅತ್ತಿ, ಮೊದಲ ಜಳಕ ಮಾಡ್ರಿ. ಇದೇನ್ರಿ ಇದು, ಮೈಲಿಗಿ!"

"ತಡಿಯವಾ," ಎಂದೆ. "ಜಳಕದಾಗ ಒಂದ್ ಮಾತು ಜಾರಿ ಹೋದ್ರ, ಆ ಜಾಗಾದಾಗ ನಾ ಮತ್ತ ನನ್ನ ಮಾತ ತುಂಬತೇನಿ."